ಸುದ್ದಿ ಹೇಳದ ಸ್ಟೀರಿಂಗ್

ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಮೇಲಿನ ಮಹಡಿಯ ದೊಡ್ಡವರ ತನಕ ಎಲ್ಲರಿಗೂ ಅವನು ‘ಕೈಮಾಪ’. ಹೊಸ ಕಾರು ತಯಾರಾಗುವಾಗ ಅದನ್ನು ಟ್ರ್ಯಾಕಿನ ಮೇಲೆ ಓಡಿಸಿ, ಸ್ಟೀರಿಂಗ್ ಕೈಗೆ ಹೇಗಿದೆ ಎಂದು ಹೇಳುವುದು ಅವನ ಕೆಲಸ. ಯಂತ್ರಗಳು ಅಳೆದು ಎಲ್ಲ ಸರಿಯಿದೆ ಎಂದ ಮೇಲೂ ಕೊನೆಯ ಮಾತು ಅವನದೇ. ಒಮ್ಮೆ ಹೀಗೆ ಎಲ್ಲ ಸರಿಯಿದೆ ಎಂದಿದ್ದ ಕಾರನ್ನು ಎರಡು ಸುತ್ತು ಓಡಿಸಿ ಬಂದು, “ಎಡಗಡೆ ಮುಂದಿನ ಚಕ್ರದ ಹತ್ರ ಏನೋ ಮೆತ್ತಗಿದೆ” ಎಂದಿದ್ದ. ಇಂಜಿನಿಯರುಗಳು ಮುಖ ಮುಖ ನೋಡಿಕೊಂಡು ನಕ್ಕರು. ಬಿಚ್ಚಿ ನೋಡಿದರೆ ಉಗುರಿನಷ್ಟು ದಪ್ಪದ ರಬ್ಬರ್ ತುಂಡೊಂದು ಅಂಚಿನಲ್ಲಿ ಸೀಳಿತ್ತು. ಅವತ್ತಿನಿಂದ ಆ ಅಡ್ಡಹೆಸರು ಅಂಟಿಕೊಂಡಿತು, ನಕ್ಕವರೇ ಇಟ್ಟದ್ದು.

ಆ ಕಂಪನಿ ಮಾಡುತ್ತಿದ್ದದ್ದು ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಂಥ ಪುಟ್ಟ ಕಾರುಗಳನ್ನು. ಒಳಗೆ ಕೂತರೆ ಬಕೆಟ್ಟಿನಲ್ಲಿ ಕೂತ ಹಾಗೆ. ಏಳಬೇಕಾದರೆ ಯಾರಾದರೂ ಕೈ ಕೊಡಬೇಕು. ಎರಡು ಚೀಲ ಇಡಲು ಜಾಗವಿಲ್ಲ. ಆದರೆ ತಿರುವಿಗೆ ಬಂದಾಗ ಆ ಕಾರು ಮಾಡುತ್ತಿದ್ದುದನ್ನು ಬೇರೆ ಯಾವ ಕಾರೂ ಮಾಡುತ್ತಿರಲಿಲ್ಲ. ರಸ್ತೆ ಒದ್ದೆಯೋ ಒಣಗಿದೆಯೋ, ಟೈರಿಗೆ ಇನ್ನೆಷ್ಟು ಹಿಡಿತ ಉಳಿದಿದೆ, ಮುಂದೆ ಮರಳು ಬಿದ್ದಿದೆಯೋ, ಎಲ್ಲ ಸುದ್ದಿಯೂ ಸ್ಟೀರಿಂಗ್ ಹಿಡಿದ ಬೆರಳುಗಳಿಗೆ ಬಂದು ಮುಟ್ಟುತ್ತಿತ್ತು. ಅದನ್ನು ಕೊಂಡವರು ಹುಚ್ಚರೇ. ವರ್ಷಕ್ಕೊಮ್ಮೆ ಅರವತ್ತೆಪ್ಪತ್ತು ಜನ ತಂತಮ್ಮ ಕಾರು ತೊಳೆದು ಒರೆಸಿಕೊಂಡು ಕಾರ್ಖಾನೆಯ ಗೇಟಿಗೆ ಬರುತ್ತಿದ್ದರು. ಅವರ ಮುಂದಾಳು ಒಬ್ಬ ಹಲ್ಲಿನ ಡಾಕ್ಟರು. ಕೈಮಾಪನನ್ನು ಕಂಡರೆ ಅವರು ಎರಡೂ ಕೈ ಹಿಡಿದುಕೊಂಡು, “ಈ ಕೈಗೆ ವಿಮೆ ಮಾಡಿಸಿದ್ದಾರಾ ಇಲ್ವಾ?” ಎಂದು ಪ್ರತಿ ವರ್ಷ ಅದೇ ತಮಾಷೆ ಮಾಡುತ್ತಿದ್ದರು. ಪ್ರತಿ ವರ್ಷವೂ ಕೈಮಾಪ ನಗುತ್ತಿದ್ದ.

ಅವನ ಜೊತೆಗಿದ್ದವನೆಂದರೆ ಗೇರಣ್ಣ. ಗೇರುಬೀಜ ಮಾರುವವನಲ್ಲ, ಗೇರ್‌ಬಾಕ್ಸ್ ವಿಭಾಗದವನು. ಇಬ್ಬರೂ ಇಪ್ಪತ್ತೊಂಬತ್ತು ವರ್ಷ ಒಂದೇ ಕಾರಿನಲ್ಲಿ ಅಕ್ಕಪಕ್ಕ ಕೂತು ಟ್ರ್ಯಾಕ್ ಸುತ್ತಿದವರು. ಕೇಳುವವರಿಗೆ ಅವರದು ಮಾತೇ ಅಲ್ಲ.

“ಮೂರು?” ಎಂದು ಮೂರನೆಯ ಗೇರಿನ ಸಮಾಚಾರ ಕೇಳುತ್ತಿದ್ದ ಗೇರಣ್ಣ.

“ಸ್ವಲ್ಪ ಹಟ.”

“ಈಗ?”

“ಹ್ಞಾಂ. ಈಗ ಬಂತು ದಾರಿಗೆ.”

ಇಷ್ಟರಲ್ಲಿ ಒಂದು ಬೆಳಗಿನ ಕೆಲಸ ಮುಗಿಯುತ್ತಿತ್ತು.

ಕೈಮಾಪನಿಗೆ ಮದುವೆಯಾಗಿರಲಿಲ್ಲ. ಮಾತುಕತೆ ಎರಡು ಸಲ ಬಂದಿತ್ತು. ಮೊದಲನೆಯ ಹುಡುಗಿಯನ್ನು ಕಂಪನಿಯ ಕಾರಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬಂದದ್ದೇ ತಪ್ಪಾಯಿತು. ಅವಳು ಇಳಿದವಳೇ ತಿರುಗಿ ನೋಡಲಿಲ್ಲ. ಎರಡನೆಯದು ಯಾಕೆ ಹಿಂದೆ ಹೋಯಿತೆಂದು ಅವನಿಗೂ ಗೊತ್ತಿಲ್ಲ. ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ. ಬೀಗ ತೆಗೆದು ಒಳಗೆ ಹೋದರೆ, ಮಾರನೆಯ ಬೆಳಿಗ್ಗೆ ಹಾಲಿನವನಿಗೆ “ಒಂದು ಸಾಕು” ಎನ್ನುವ ತನಕ ಬಾಯಿ ತೆಗೆಯುವ ಪ್ರಸಂಗವೇ ಇರುತ್ತಿರಲಿಲ್ಲ. ಅದೊಂದು ಕೊರತೆ ಎಂದು ಅವನಿಗೆ ಅನ್ನಿಸಿದ್ದೂ ಇಲ್ಲ. ಹಗಲೆಲ್ಲ ಕಾರು ಮಾತಾಡುತ್ತಿತ್ತಲ್ಲ.

ಅವನಿಗೆ ಐವತ್ತಾರು ತುಂಬಿದ ವರ್ಷ ಮಾರಾಟ ವಿಭಾಗಕ್ಕೆ ಹೊಸ ಮುಖ್ಯಸ್ಥೆ ಬಂದಳು. ಚುರುಕು ಹೆಂಗಸು, ಸುತ್ತಿಬಳಸಿ ಮಾತಾಡುವವಳಲ್ಲ. ಎಲ್ಲರನ್ನೂ ಮೀಟಿಂಗ್ ಕೋಣೆಯಲ್ಲಿ ಕೂರಿಸಿ ಗೋಡೆಯ ಮೇಲೆ ಎರಡು ಅಂಕಿ ತೋರಿಸಿದಳು.

“ಐದು ವರ್ಷದ ಹಿಂದೆ ನಮ್ಮ ಕಾರು ಕೊಂಡೋರ ಸರಾಸರಿ ವಯಸ್ಸು ಐವತ್ತನಾಲ್ಕು. ಈಗ ಐವತ್ತೊಂಬತ್ತು. ಇದರ ಅರ್ಥ ಏನು ಹೇಳಿ?”

ಉತ್ತರಕ್ಕೆ ಕಾಯದೆ ಅವಳೇ ಹೇಳಿದಳು.

“ಅದೇ ಜನ ವಾಪಸ್ ವಾಪಸ್ ಬರ್ತಿದ್ದಾರೆ. ಅವರಿಗೆ ವಯಸ್ಸಾಗ್ತಾ ಇದೆ, ಅಷ್ಟೆ. ಹೊಸಬರು ಒಬ್ಬರೂ ಈ ಕಡೆ ತಲೆ ಹಾಕ್ತಿಲ್ಲ.”

ಕೋಣೆಯಲ್ಲಿ ಕೆಲವರು ನಕ್ಕರು. ಆಮೇಲೆ ಅವಳು ಹೊಸ ಕಾರಿನ ಚಿತ್ರ ತೋರಿಸಿದಳು. ಎತ್ತರದ್ದು, ಐದು ಸೀಟು, ಹಿಂದೆ ಮಕ್ಕಳ ತಳ್ಳುಗಾಡಿ ಮಡಚದೆ ಇಡಬಹುದಾದಷ್ಟು ಜಾಗ. ಮುಂಭಾಗದಲ್ಲಿ ಕಂಪನಿಯ ಅದೇ ಹಳೆಯ ಲಾಂಛನ. ಗೇರು ತಾನಾಗಿ ಬೀಳುವಂಥದ್ದು. ಕ್ಲಚ್ ಇಲ್ಲ, ಗೇರ್ ಕೋಲಿನ ಜಾಗದಲ್ಲಿ ಒಂದು ಗುಂಡಿ. ಪುಟ್ಟ ಕಾರು ವರ್ಷದ ಕೊನೆಗೆ ನಿಲ್ಲುತ್ತದೆ ಎಂದಳು. ಕೈಮಾಪ ಪಕ್ಕಕ್ಕೆ ತಿರುಗಿದ. ಗೇರಣ್ಣ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಬೆರಳಿನಿಂದ ಸುಮ್ಮನೆ ತಿರುಗಿಸುತ್ತಿದ್ದ.

ಗೇರಣ್ಣ ಎರಡೇ ತಿಂಗಳಲ್ಲಿ ಹೊರಟ. ಕಂಪನಿ ಸರಿಯಾಗಿಯೇ ನಡೆಸಿಕೊಂಡಿತು, ಮಾಲೆ ಹಾಕಿ ಗಡಿಯಾರ ಕೊಟ್ಟಿತು. ಹೆಂಡತಿಯ ತವರಿನ ಕಡೆ ದೂರದ ಊರೊಂದರಲ್ಲಿ ಡ್ರೈವಿಂಗ್ ಶಾಲೆಯವರು ಅವನನ್ನು ಕರೆದಿದ್ದರು. ಹೊರಡುವ ದಿನ ತನ್ನ ಉಪಕರಣದ ಪೆಟ್ಟಿಗೆ ಎತ್ತಿಕೊಂಡು ಟ್ರ್ಯಾಕಿನ ಬೇಲಿಯ ತನಕ ಬಂದ.

“ನನ್ನದು ಮುಗೀತು ಕಣೋ. ನಿಂದಾದ್ರೂ ಇರುತ್ತೆ. ಸ್ಟೀರಿಂಗ್ ಇಲ್ಲದ ಕಾರು ಮಾಡೋಕಾಗಲ್ವಲ್ಲ.”

“ಸ್ವಲ್ಪ ದಿನ ತಡಿ, ಅದನ್ನೂ ಮಾಡ್ತಾರೆ,” ಎಂದ ಕೈಮಾಪ.

ಇಬ್ಬರೂ ನಕ್ಕರು. ಗೇರಣ್ಣ ಪೆಟ್ಟಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ಹೊರಟುಬಿಟ್ಟ.

ಎತ್ತರದ ಕಾರಿನ ಸ್ಟೀರಿಂಗನ್ನು ಕೈಮಾಪ ತನಗೆ ಗೊತ್ತಿದ್ದ ಹಾಗೆಯೇ ಹದ ಮಾಡಿದ. ಅಷ್ಟು ದೊಡ್ಡ ಕಾರಿನಲ್ಲೂ ರಸ್ತೆ ಕೈಗೆ ಸಿಗುವಂತೆ ಮಾಡಲು ಮೂರು ತಿಂಗಳು ಹೆಣಗಾಡಿದ. ಆದಾಗ ಅವನಿಗೇ ಹೆಮ್ಮೆಯಾಯಿತು. ಇದನ್ನು ಒಮ್ಮೆ ಓಡಿಸಿದರೆ ಜನ ದಾರಿಗೆ ಬರುತ್ತಾರೆ ಅಂದುಕೊಂಡ.

ಕಾರು ಕೊಳ್ಳುವಂಥ ಮೂವತ್ತು ಜನ ಸಾಮಾನ್ಯರನ್ನು ಮುಖ್ಯಸ್ಥೆ ಪರೀಕ್ಷೆಗೆ ಕರೆಸಿದಳು. ಒಬ್ಬೊಬ್ಬರೂ ಅರ್ಧ ಗಂಟೆ ಓಡಿಸಿ ತಮಗನ್ನಿಸಿದ್ದನ್ನು ಬರೆಯಬೇಕು. ಪಕ್ಕದ ಸೀಟಿನಲ್ಲಿ ದಾರಿ ತೋರಿಸುವವನಾಗಿ ಕೈಮಾಪ ಕೂತ. ತಾನು ಯಾರೆಂದು ಹೇಳಲಿಲ್ಲ. ಮೊದಲನೆಯವರು, “ಸ್ಟೀರಿಂಗ್ ನಡುಗ್ತಾ ಇದೆ, ಹೊಸ ಕಾರಲ್ವಾ ಇದು?” ಎಂದು ಕೇಳಿದರು. ಇನ್ನೊಬ್ಬ ಹುಡುಗಿ ಭಾರ ಎಂದಳು. ಅವನು “ಬಲಕ್ಕೆ ತಿರುಗಿಸಿ” ಎಂದಷ್ಟೇ ಹೇಳಿದ.

ಮೂರನೆಯ ದಿನ ಎಲ್ಲರಿಗಿಂತ ಕೊನೆಗೆ ಬಂದವಳು ಒಬ್ಬ ನರ್ಸು. ನಲವತ್ತರ ಆಚೀಚೆ ವಯಸ್ಸು, ಆಸ್ಪತ್ರೆಯಿಂದ ನೇರ ಬಂದಿದ್ದಳು. ಕೂದಲಿಗೆ ಹಾಕಿದ್ದ ಪಿನ್ನುಗಳನ್ನು ಇನ್ನೂ ತೆಗೆದಿರಲಿಲ್ಲ. ಕಾರನ್ನು ಅಚ್ಚುಕಟ್ಟಾಗಿ ಓಡಿಸಿದಳು. ಹಾಗಾಗಿ ಅವನಿಗೆ ಕೇಳುವ ಧೈರ್ಯ ಬಂತು.

“ಹೇಗಿದೆ ಮೇಡಂ, ಸ್ಟೀರಿಂಗ್? ರಸ್ತೆ ಗೊತ್ತಾಗುತ್ತಾ?”

“ಗೊತ್ತಾಗುತ್ತೆ. ಸಣ್ಣ ಕಲ್ಲು ಕೂಡ ಗೊತ್ತಾಗುತ್ತೆ.”

“ಅದು ಒಳ್ಳೇದಲ್ವಾ?”

ಅವಳು ಯೋಚನೆ ಮಾಡಿದಳು. ಸುಮ್ಮನೆ ಉತ್ತರ ಕೊಡುವವಳಾಗಿರಲಿಲ್ಲ. “ನೋಡಿ, ನಾನು ದಿನಾ ಹೋಗೋಕೆ ಒಂದು ಗಂಟೆ ಬರೋಕೆ ಒಂದು ಗಂಟೆ ಓಡಿಸ್ತೀನಿ. ವಾರ್ಡಿನಲ್ಲಿ ಮೂವತ್ತೆರಡು ಜನ, ಒಬ್ಬರು ಬಿಟ್ಟು ಒಬ್ಬರು ಸಿಸ್ಟರ್ ಸಿಸ್ಟರ್ ಅಂತಾರೆ. ಮನೇಲಿ ಅತ್ತೆ, ಮಾವ, ಎರಡು ಮಕ್ಕಳು, ಅವರಪ್ಪ. ಈ ಎರಡು ಗಂಟೆ ಮಾತ್ರ ನನ್ನ ಹತ್ರ ಯಾರೂ ಏನೂ ಕೇಳಲ್ಲ.” ಸ್ಟೀರಿಂಗನ್ನು ತಟ್ಟಿದಳು. “ಇದು ಒಳ್ಳೆ ಕಾರೇ ಇರಬಹುದು. ಆದ್ರೆ ಒಂದೇ ಸಮ ಏನೋ ಹೇಳ್ತಾನೇ ಇರುತ್ತೆ. ಕಾರಾದ್ರೂ ಸುಮ್ನಿರಬಾರದಾ?”

ಉಳಿದ ಇಪ್ಪತ್ತೊಂಬತ್ತು ಜನರನ್ನು ಕೈಮಾಪ ಮನಸ್ಸಿನಲ್ಲೇ ತೆಗೆದುಹಾಕಬಲ್ಲವನಾಗಿದ್ದ: ಅವರಿಗೆ ಗೊತ್ತಾಗಲಿಲ್ಲ, ಪಾಪ. ಈ ಹೆಂಗಸಿಗೆ ಎಲ್ಲವೂ ಗೊತ್ತಾಗಿತ್ತು. ಕೈಗೆ ಬಂದ ಸುದ್ದಿಯನ್ನು ಪೂರ್ತಿ ಕೇಳಿಸಿಕೊಂಡು, ಬೇಡ ಎಂದಿದ್ದಳು. ಅವಳು ಇಳಿದು ಹೋದ ಮೇಲೆ ಅವನು ಸ್ವಲ್ಪ ಹೊತ್ತು ಪಕ್ಕದ ಸೀಟಿನಲ್ಲೇ ಕೂತಿದ್ದ. ತನ್ನ ಮೂರನೆಯ ಮಹಡಿಯ ಮನೆ ನೆನಪಾಯಿತು. ಅಂಥ ಮೌನವನ್ನು ದಿನಕ್ಕೆ ಎರಡು ಗಂಟೆಯ ಮಟ್ಟಿಗಾದರೂ ಯಾರಾದರೂ ಕೊಟ್ಟರೆ ಸಾಕು ಎನ್ನುವವರೂ ಲೋಕದಲ್ಲಿ ಇದ್ದಾರೆಂದು ಅವನಿಗೆ ಹೊಳೆದೇ ಇರಲಿಲ್ಲ.

ಮಾರನೆಯ ದಿನ ಮುಖ್ಯಸ್ಥೆ ಮೂವತ್ತು ಹಾಳೆಗಳನ್ನು ಅವನ ಮುಂದಿಟ್ಟು, “ಬೇಜಾರು ಮಾಡ್ಕೋಬೇಡಿ” ಎನ್ನುವಷ್ಟರಲ್ಲಿ ಅವನೇ, “ಗೊತ್ತಾಯ್ತು ಬಿಡಿ. ಮಾಡಿಕೊಡ್ತೀನಿ,” ಎಂದ.

ಮಾಡಿಕೊಟ್ಟ. ಅದಕ್ಕೆ ನಾಲ್ಕು ತಿಂಗಳು ಹಿಡಿಯಿತು. ರಸ್ತೆಯ ಸುದ್ದಿ ಬಾರದಂತೆ ಮಾಡಬೇಕಾದರೆ ಅದು ಯಾವ ಯಾವ ದಾರಿಯಲ್ಲಿ ಬರುತ್ತದೆ ಎನ್ನುವುದು ಗೊತ್ತಿರಬೇಕು. ಅದು ಅವನಷ್ಟು ಗೊತ್ತಿದ್ದವರು ಇನ್ನೊಬ್ಬರಿರಲಿಲ್ಲ. ಇಲ್ಲೊಂದು ರಬ್ಬರು, ಅಲ್ಲೊಂದು ಮೆತ್ತೆ, ಸ್ಟೀರಿಂಗಿನ ಮೋಟಾರಿಗೆ ಒಂದಿಷ್ಟು ತಿದ್ದುಪಡಿ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಂದೊಂದೇ ನಡುಕವನ್ನು ಹೆಕ್ಕಿ ತೆಗೆದ. ಕೊನೆಯ ದಿನ ಒಬ್ಬನೇ ಟ್ರ್ಯಾಕ್ ಸುತ್ತಿದ. ಬೇಕೆಂದೇ ಜಲ್ಲಿಕಲ್ಲು ಚೆಲ್ಲಿದ ಕಡೆ ಹೋದ, ನೀರು ನಿಂತ ಕಡೆ ಹೋದ, ಡಾಂಬರು ಕಿತ್ತ ಕಡೆ ಹೋದ. ಕೈಗೆ ಏನೂ ಬರಲಿಲ್ಲ. ಖಾಲಿ ಮನೆಯ ಬಾಗಿಲು ತಟ್ಟುತ್ತ ನಿಂತ ಹಾಗಾಯಿತು. ಇಳಿದು ಬಂದು ಫಾರಮಿನಲ್ಲಿ ‘ಸರಿಯಿದೆ’ ಎಂದು ಬರೆದು ಸಹಿ ಹಾಕಿದ.

ಕಾರು ಬಂದದ್ದೇ ತಡ, ಜನ ಮುಗಿಬಿದ್ದರು. ಮೊದಲ ಆರು ತಿಂಗಳಲ್ಲಿ ಇದು ಹೋದಷ್ಟು, ಆ ಪುಟ್ಟ ಕಾರು ಹಿಂದಿನ ಹತ್ತು ವರ್ಷದಲ್ಲೂ ಹೋಗಿರಲಿಲ್ಲ. ಕಾರ್ಖಾನೆಯಲ್ಲಿ ಎರಡನೆಯ ಪಾಳಿ ಶುರುವಾಯಿತು, ಕ್ಯಾಂಟೀನು ದೊಡ್ಡದಾಯಿತು. ವರ್ಷಕ್ಕೊಮ್ಮೆ ಬರುತ್ತಿದ್ದ ಹಳೆಯ ಅಭಿಮಾನಿಗಳು ಆ ವರ್ಷ ಗೇಟಿಗೆ ಬರಲಿಲ್ಲ. ಅವರ ಪರವಾಗಿ ಹಲ್ಲಿನ ಡಾಕ್ಟರು ಕೈಮಾಪನ ಹೆಸರಿಗೇ ಎರಡು ಪುಟದ ಕಾಗದ ಬರೆದರು. ‘ಲಾಂಛನ ಅಂಟಿಸಿದ ಮಾತ್ರಕ್ಕೆ ಬಟ್ಟೆಯ ಬೀರು ಕಾರಾಗುವುದಿಲ್ಲ. ಬೇರೆಯವರು ಏನಾದರೂ ಮಾಡಿಕೊಳ್ಳಲಿ, ನಿಮ್ಮಿಂದ ಇದನ್ನು ನಾನು ಎಣಿಸಿರಲಿಲ್ಲ.’ ಉತ್ತರ ಬರೆಯಲು ಮೂರು ಸಲ ಕೂತ. ನರ್ಸಿನ ವಿಷಯ ಬರೆಯಬೇಕೆಂದುಕೊಂಡ. ಬರೆದದ್ದೆಲ್ಲ ತಪ್ಪು ಮಾಡಿದವನ ಸಬೂಬಿನ ಹಾಗೆ ಕಂಡು ಹರಿದು ಹಾಕಿದ.

ಅವನ ತಮ್ಮನೂ ಆ ಕಾರನ್ನೇ ತಂದ. ಒಂದು ಭಾನುವಾರ ಮನೆಮಂದಿಯೆಲ್ಲ ಹೊರಟಾಗ ಅಣ್ಣನನ್ನೂ ಎಳೆದುಕೊಂಡು ಹೋದರು. ಕೈಮಾಪ ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳ ನಡುವೆ ಕೂತ. ತಮ್ಮ ಒಂದೇ ಕೈಯಲ್ಲಿ ಓಡಿಸುತ್ತ ಪಕ್ಕದ ಮನೆಯವರ ನೀರಿನ ಟ್ಯಾಂಕಿನ ಜಗಳ ವರ್ಣಿಸುತ್ತಿದ್ದ. ತಮ್ಮನ ಹೆಂಡತಿ ನಡುನಡುವೆ ತಿದ್ದುತ್ತಿದ್ದಳು. ರಸ್ತೆ ಕಿತ್ತುಹೋಗಿದ್ದ ಕಡೆ ಬಂದಾಗ ಕೈಮಾಪ ತನಗೆ ಗೊತ್ತಿಲ್ಲದೆಯೇ ಉಸಿರು ಹಿಡಿದ. ತಮ್ಮನಿಗೆ ಏನೂ ಗೊತ್ತಾಗಲಿಲ್ಲ. ಕಥೆ ಒಂದು ಪದವೂ ತಡೆಯದೆ ಮುಂದುವರಿಯಿತು.

ಸ್ವಲ್ಪ ಹೊತ್ತಿಗೆ ತಮ್ಮನ ಹೆಂಡತಿ ಹಿಂದೆ ತಿರುಗಿ, “ಭಾವ, ಈ ಕಾರಿನಲ್ಲಿ ನೀವು ಮಾಡಿದ್ದು ಯಾವುದು? ಎಲ್ಲರ ಹತ್ರ ಹೇಳ್ಕೊಂಡು ಬಂದಿದ್ದೀನಿ, ಯಾವುದು ಅಂತಾನೇ ಗೊತ್ತಿಲ್ಲ,” ಎಂದಳು.

“ಸ್ಟೀರಿಂಗ್.”

“ಸ್ಟೀರಿಂಗಿನಲ್ಲಿ ಏನು ಮಾಡಿದ್ರಿ?”

ಅವನು ಯೋಚಿಸಿ, “ಏನೂ ಇಲ್ಲದ ಹಾಗೆ ಮಾಡಿದೆ,” ಎಂದ.

ಕಾರಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. “ಅದಕ್ಕೆ ಸಂಬಳ ಬೇರೆ ಕೊಡ್ತಾರೆ ಇವನಿಗೆ!” ಎಂದ ತಮ್ಮ. ಕೈಮಾಪನೂ ನಕ್ಕ. ಸಣ್ಣ ಮಗು ಅವನ ತೋಳಿಗೆ ಒರಗಿ ನಿದ್ದೆ ಹೋಯಿತು. ಅದು ಎದ್ದೀತೆಂದು ಅವನು ಊರು ಮುಟ್ಟುವ ತನಕ ಅಲುಗಾಡದೆ ಕೂತ.

ಮಳೆ ಮುಗಿದು ಬಿಸಿಲು ಬಂದ ಕಾಲಕ್ಕೆ ಹಲ್ಲಿನ ಡಾಕ್ಟರ ಫೋನು ಬಂತು. ಮತ್ತೆ ಬೈಯಲು ಮಾಡಿದ್ದಾರೆಂದು ಕೈಮಾಪ ಅಂದುಕೊಂಡ. ಅವರ ದನಿ ಕೆಳಗಿತ್ತು.

“ನೋಡಿ, ಬೇರೆಯವರ ಬಾಯಿಂದ ನಿಮಗೆ ಗೊತ್ತಾಗೋದು ಬೇಡ ಅಂತ ನಾನೇ ಹೇಳ್ತಿದ್ದೀನಿ. ನಾನು ಆ ಎತ್ತರದ್ದನ್ನ ಬುಕ್ ಮಾಡಿದ್ದೀನಿ.”

ಕೈಮಾಪ ಫೋನನ್ನು ಇನ್ನೊಂದು ಕಿವಿಗೆ ಹಿಡಿದ.

“ಎರಡೂ ಮೊಣಕಾಲು ಹೋಗಿವೆ ಸಾರ್. ಚಿಕ್ಕದರಲ್ಲಿ ಕೂತ್ರೆ ಏಳೋಕಾಗಲ್ಲ. ಹೋದ ತಿಂಗಳು ಬ್ಯಾಂಕಿನ ಮುಂದೆ ಸೆಕ್ಯೂರಿಟಿಯವನು ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದ. ಅವತ್ತೇ ಮನಸ್ಸು ಮುರೀತು.” ಸ್ವಲ್ಪ ತಡೆದು, “ಹೊಸದು ಓಡಿಸಿ ನೋಡ್ದೆ. ಚೆನ್ನಾಗಿದೆ ಅಂತ ಹೇಳೋಕೆ ನನಗೆ ನಾಚಿಕೆ ಆಗುತ್ತೆ. ಸೋಮವಾರ ಚಿಕ್ಕದನ್ನ ಯಾರೋ ಒಯ್ತಾರೆ. ಭಾನುವಾರ ನೀವು ಒಂದು ಸಲ ಓಡಿಸ್ತೀರಾ? ನಂಗಂತೂ ಆಗಲ್ಲ.”

ಮೂವತ್ತು ವರ್ಷ ಆ ಕಾರುಗಳನ್ನು ಓಡಿಸಿದ್ದರೂ ಕೈಮಾಪನ ಬಳಿ ಸ್ವಂತದ್ದೊಂದು ಇರಲಿಲ್ಲ. ದಿನವೂ ಓಡಿಸುತ್ತಿದ್ದವನಿಗೆ ಕೊಳ್ಳುವ ಯೋಚನೆಯೇ ಬಂದಿರಲಿಲ್ಲ. ಭಾನುವಾರ ಬೆಳಿಗ್ಗೆ ಹೋಗಿ ಕೀಲಿ ಇಸಕೊಂಡ. ಊರು ದಾಟಿ ಬೆಟ್ಟದ ರಸ್ತೆ ಹಿಡಿದ.

ಎರಡನೆಯ ತಿರುವಿಗೇ ಅವನ ಬೆರಳು ಎಚ್ಚರಾದವು. ನೆರಳಿನಲ್ಲಿ ಇನ್ನೂ ತೇವವಿದೆ ಎಂದಿತು ಸ್ಟೀರಿಂಗ್. ಇಲ್ಲಿ ಹೊಸ ಡಾಂಬರು. ಇಲ್ಲಿ ಸ್ವಲ್ಪ ಮರಳು, ಹುಷಾರು. ಈಗ ಒಣಗಿದೆ, ಹೋಗು. ಬೆಟ್ಟದ ತುದಿ ತಲುಪಿದಾಗ ಅವನ ಮುಖ ತಾನಾಗಿ ಅರಳಿತ್ತು. ಇಂಜಿನ್ ಆರಿಸಿ ಇಳಿದು, ಯಾರಿಗಾದರೂ ಹೇಳಬೇಕೆಂದು ಸುತ್ತ ನೋಡಿದ. ಒಬ್ಬ ಕುರಿ ಕಾಯುವವನು ದೂರದಲ್ಲಿ ಬೆನ್ನು ಹಾಕಿ ಕೂತಿದ್ದ. ಕೈಮಾಪ ಗೇರಣ್ಣನಿಗೆ ಫೋನು ಮಾಡಿದ. ಅವನು ಹೋದ ಮೇಲೆ ಎರಡೋ ಮೂರೋ ಸಲ ಮಾತಾಡಿದ್ದರಷ್ಟೆ.

“ಎಲ್ಲಿದ್ದೀಯೋ?” ಎಂದ ಗೇರಣ್ಣ.

“ಡಾಕ್ಟರ ಕಾರಿನಲ್ಲಿ, ಬೆಟ್ಟದ ಮೇಲೆ.”

“ಹಳೇದಾ? ಅಯ್ಯೋ ನನ್ನಪ್ಪಾ!” ಗೇರಣ್ಣನ ದನಿಯೇ ಬದಲಾಯಿತು. “ಇಲ್ಲಿ ಎಲ್ಲಾ ತಾನೇ ಗೇರು ಹಾಕ್ಕೊಳ್ಳೋ ಗಾಡಿಗಳು ಕಣೋ. ಕಲಿಯೋಕೆ ಬರೋರು ಎಡಗಾಲು ಎಲ್ಲಿಡಬೇಕು ಅಂತ ಕೇಳ್ತಾರೆ. ಮನೇಲಿಟ್ಟು ಬನ್ನಿ ಅಂತೀನಿ. ಮೂರು ಹೇಗಿದೆ?”

“ಕೇಳಿಸ್ತೀನಿ, ತಡಿ.”

ಫೋನಿನ ಸ್ಪೀಕರ್ ಹಾಕಿ ಪಕ್ಕದ ಸೀಟಿನ ಮೇಲಿಟ್ಟು, ಬೆಟ್ಟ ಇಳಿಯತೊಡಗಿದ. ಮೂರರಿಂದ ಎರಡಕ್ಕೆ ಹಾಕಿದಾಗ ಫೋನಿನಿಂದ “ಆಹಾ” ಎಂಬ ದನಿ ಬಂತು. “ತಣ್ಣಗಿದ್ದಾಗ ಹಟ ಮಾಡುತ್ತಾ?” ಎಂದ ಗೇರಣ್ಣ. “ಬೆಳಿಗ್ಗೆ ಮಾಡ್ತು. ಈಗಿಲ್ಲ.” “ಅದು ನನ್ನ ಕೈದೇ ಗೇರ್‌ಬಾಕ್ಸು, ಆ ವರ್ಷದ್ದು.” ಕೈಮಾಪ ನಕ್ಕ. ಹಾಗೇ ಹೇಳುತ್ತ ಹೋದ. ಈ ತಿರುವಿನಲ್ಲಿ ಹಿಂದಿನ ಚಕ್ರ ಹೇಗೆ ಕೂತಿತು, ಆ ತಗ್ಗಿನಲ್ಲಿ ಸ್ಟೀರಿಂಗ್ ಹೇಗೆ ಹಗುರಾಯಿತು. ನರ್ಸಿನ ವಿಷಯ ಹೇಳಿದ. ಮೂವತ್ತು ಜನರಲ್ಲಿ ಅವಳೊಬ್ಬಳಿಗೆ ಸಣ್ಣ ಕಲ್ಲು ಕೂಡ ಗೊತ್ತಾಗಿತ್ತು ಎಂದ. ಎಲ್ಲ ನಡುಕ ತೆಗೆದು ಕೊನೆಯ ಸುತ್ತು ಓಡಿಸಿದ ದಿನ ಮನೆಗೆ ಹೋಗಲು ಮನಸ್ಸೇ ಬರಲಿಲ್ಲ, ಕತ್ತಲಾಗುವ ತನಕ ಟ್ರ್ಯಾಕಿನ ಬೇಲಿ ಹಿಡಿದು ನಿಂತಿದ್ದೆ ಎಂದ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

“ಅಲ್ವೇನೋ?” ಎಂದು ಕೇಳಿದ.

ಉತ್ತರ ಬರಲಿಲ್ಲ. ಕೈ ಚಾಚಿ ಫೋನು ತಿರುಗಿಸಿದ. ಬೆಟ್ಟದ ಮಗ್ಗುಲಿನಲ್ಲಿ ಎಲ್ಲೋ ಸಿಗ್ನಲ್ ಹೋಗಿತ್ತು. ಯಾವ ತಿರುವಿನಲ್ಲಿ, ಯಾವ ಮಾತಿನ ನಡುವೆ, ಅವನಿಗೆ ಗೊತ್ತಾಗಿರಲಿಲ್ಲ.

ಬುಡದಲ್ಲಿ ಕಾರು ನಿಲ್ಲಿಸಿ ಮತ್ತೆ ಮಾಡಿದ. “ಕಟ್ಟಾಯ್ತು ಕಣೋ,” ಎಂದ ಗೇರಣ್ಣ ಅವಸರದಲ್ಲಿ. “ಒಂದು ಹುಡುಗಿ ಕ್ಲಾಸಿಗೆ ಬಂದು ಕೂತಿದ್ದಾಳೆ. ಆಮೇಲೆ ಮಾಡ್ತೀನಿ, ಆಯ್ತಾ?”

“ಆಯ್ತು. ಏನೂ ಅವಸರ ಇಲ್ಲ.”

ಡಾಕ್ಟರ ಮನೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಅವರು ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದು ಬಂದರು. ಕೀಲಿಯನ್ನು ಅಂಗೈಯಲ್ಲಿಟ್ಟುಕೊಂಡು ಕಾರಿನ ಕಡೆ ನೋಡಿದರು, ಕಣ್ಣು ಒದ್ದೆಯಾಗಿತ್ತು.

“ಹೇಗಿತ್ತು, ಹೇಳಿ. ಪೂರ್ತಿ ಹೇಳಿ.”

ಕೈಮಾಪ ಉಸಿರೆಳೆದುಕೊಂಡು, “ಎರಡನೇ ತಿರುವಿನಲ್ಲಿ ನೆರಳಿತ್ತು,” ಎಂದು ಶುರುಮಾಡಿದ. ಅಷ್ಟರಲ್ಲಿ ಒಳಗಿನಿಂದ ಮೊಮ್ಮಗಳು “ತಾತಾ, ಊಟಕ್ಕೆ!” ಎಂದು ಕೂಗಿದಳು. “ಬಂದೆ ಪುಟ್ಟಾ,” ಎಂದು ಡಾಕ್ಟರು ಅತ್ತ ತಿರುಗಿ, ಮತ್ತೆ ಇತ್ತ ತಿರುಗಿ, ಕಾದರು.

“ಚೆನ್ನಾಗಿತ್ತು ಡಾಕ್ಟ್ರೇ,” ಎಂದ ಕೈಮಾಪ. “ತುಂಬಾ ಚೆನ್ನಾಗಿತ್ತು. ನೀವು ಊಟ ಮಾಡಿ.”

ಗೇರಣ್ಣ ಆ ದಿನ ಫೋನು ಮಾಡಲಿಲ್ಲ. ಬುಧವಾರ ಮಾಡಿದ. ಅಷ್ಟು ಹೊತ್ತಿಗೆ ಕೈಮಾಪನಿಗೆ ಹೇಳುವುದೇನೂ ಉಳಿದಿರಲಿಲ್ಲ. ಗೇರಣ್ಣನ ಮಗಳ ಪರೀಕ್ಷೆಯ ವಿಷಯ ಮಾತಾಡಿದರು. ಕಾರ್ಖಾನೆಯಲ್ಲಿ ಇನ್ನೊಂದು ಕಾರು ಶುರುವಾಗಿತ್ತು, ಮೊದಲಿನದಕ್ಕಿಂತ ಒಂದು ಗೇಣು ಎತ್ತರದ್ದು. ಅದರ ಸ್ಟೀರಿಂಗನ್ನೂ ಕೈಮಾಪನೇ ಮಾಡಿದ. ಇನ್ನೂ ಮೃದುವಾಗಿದೆ ಎಂದು ಮುಖ್ಯಸ್ಥೆ ಎಲ್ಲರ ಮುಂದೆ ಹೊಗಳಿದಳು. ಅವನು ಎದ್ದು ನಿಂತು ಕೈ ಮುಗಿದು ಕೂತ.